ಪಂಡಿತರ ಕಾರ್ಬನ್ ಪ್ರತಿಗಳು

ನಾನಿನ್ನೂ ಬದುಕಿದ್ದೇನೆಂದು ವರ್ಷಕ್ಕೊಮ್ಮೆ ಪಿಂಚಣಿಯವರಿಗೆ ಬರೆದುಕೊಡಬೇಕು. ಎದುರಿಗೇ ನಿಂತಿದ್ದೇನಲ್ಲ, ಕಾಣುವುದಿಲ್ಲವೆ ಎಂದು ಕೇಳುವ ಹಾಗಿಲ್ಲ. ಕಳೆದ ತಿಂಗಳು ಅದಕ್ಕೆ ಬೇಕಾದ ಯಾವುದೋ ಹಳೆಯ ಆದೇಶವನ್ನು ಹುಡುಕುತ್ತ ಬೀರುವಿನ ತಳದಲ್ಲಿದ್ದುದನ್ನೆಲ್ಲ ನೆಲಕ್ಕೆ ಸುರಿದುಕೊಂಡು ಕೂತಿದ್ದೆ. ಒಂದು ಮಾಸಿದ ಲಕೋಟೆಯಿಂದ ನುಸಿಗುಳಿಗೆಯ ವಾಸನೆ ಬಂತು. ನಮ್ಮ ಮನೆಯಲ್ಲಿ ಆ ಗುಳಿಗೆ ಇಡುವ ಪದ್ಧತಿಯಿಲ್ಲ. ಅದು ಬೇರೊಂದು ಮನೆಯ ವಾಸನೆ. ಒಳಗೆ ನಾಲ್ಕಾಗಿ ಮಡಿಸಿದ ತೆಳು ಹಾಳೆ, ಅದರ ಮೇಲೆ ಕಾರ್ಬನ್ನಿನ ನೀಲಿ ಅಕ್ಷರ. ದುಂಡಗೆ, ಮುದ್ದಾಗಿ, ಒಂದೂ ಚಿತ್ತುಕಾಟಿಲ್ಲದ ಬರವಣಿಗೆ. ನೋಡಿದ್ದೇ ತಡ, ಗುರುತು ಸಿಕ್ಕಿತು. ಶ್ರೀರಂಗಪಟ್ಟಣದ ಪಂಡಿತರ ಕೈ.

ಹೆಸರು ಬೇಡ. ಆ ಊರಿನಲ್ಲಿ ಪಂಡಿತರು ಅಂದರೆ ಸಾಕಿತ್ತು, ಜಟಕಾದವನು ಕರೆತಂದು ಅವರ ಮನೆಬಾಗಿಲಿಗೇ ಬಿಡುತ್ತಿದ್ದ. ಹೈಸ್ಕೂಲಿನಲ್ಲಿ ಕನ್ನಡ ಹೇಳಿಕೊಟ್ಟು ನಿವೃತ್ತರಾದವರು. ಕೋಟೆಯೊಳಗೆ ಹಳೇ ಕಾಲದ ಮನೆ, ಮನೆತುಂಬ ಪುಸ್ತಕ. ಪಡಸಾಲೆ, ನಡುಮನೆ, ಮಂಚದ ಕೆಳಗೆ, ಅಕ್ಕಿ ಡಬ್ಬದ ಮೇಲೆ, ಕೊನೆಗೆ ಬಚ್ಚಲಿಗೆ ಹೋಗುವ ಓಣಿಯಲ್ಲೂ ಪುಸ್ತಕ. ಅವರ ಹೆಂಡತಿ ಅಡ್ಡಡ್ಡ ನಡೆದು ಅಡುಗೆಮನೆ ಸೇರಬೇಕಾಗಿತ್ತು. ಆ ತಾಯಿ ಬದುಕಿದ್ದಷ್ಟು ದಿನ ಅವರು ನೇರ ನಡೆದದ್ದನ್ನು ನಾನು ನೋಡಲಿಲ್ಲ. ಹೋದವರಿಗೆ ಪಂಡಿತರು ಮೊದಲು ಕೇಳುತ್ತಿದ್ದುದು, "ಕೈ ತೊಳೆದಿರಾ?" ತೊಳೆದರೂ ಮುಟ್ಟಗೊಡುತ್ತಿರಲಿಲ್ಲ. ಗೋಡೆಗೆ ಒಂದು ರಟ್ಟು ತೂಗುಹಾಕಿದ್ದರು: "ದಯವಿಟ್ಟು ಪುಸ್ತಕ ಕೇಳಿ ಮುಜುಗರ ಮಾಡಬೇಡಿ." ಆ ಮನೆಯ ಅರ್ಧ ಪುಸ್ತಕ ಕಂಡವರ ಮನೆಯಲ್ಲಿ ಕೇಳಿ ತಂದದ್ದೇ. ಅಲ್ಲೆಲ್ಲ ಅವರಿಗೆ ಮುಜುಗರವಾದಂತಿರಲಿಲ್ಲ.

ತರುವುದಕ್ಕೆ ಅವರದೊಂದು ಕ್ರಮವಿತ್ತು. ಬಟ್ಟೆಚೀಲ, ಕೊಡೆ, ಹಣೆಯಲ್ಲಿ ಗಂಧ. ನಾಗಮಂಗಲದ ಕಡೆ, ಸಂತೆಬಾಚಹಳ್ಳಿಯ ಕಡೆ, ಅರಕೆರೆಯ ಕಡೆ ಯಾರ ಮನೆಯ ಅಟ್ಟದ ಮೇಲೆ ಏನಿದೆಯೆಂದು ಅವರಿಗೆ ಆ ಮನೆಯವರಿಗಿಂತ ಚೆನ್ನಾಗಿ ಗೊತ್ತಿತ್ತು. ಹೋಗಿ ಜಗಲಿಯ ಮೇಲೆ ಕೂತು ಮಜ್ಜಿಗೆ ಕುಡಿದು ಮನೆತನವನ್ನು ಹೊಗಳುವುದು, ತಾಳೆಗರಿಯ ಓಲೆಕಟ್ಟು ಇಳಿಸಿದ ಕೂಡಲೇ ಕಣ್ಣಿಗೊತ್ತಿಕೊಳ್ಳುವುದು. ಆಮೇಲೆ, "ಹದಿನೈದು ದಿನ ಕೊಡಿ ಗೌಡರೇ, ನಕಲು ಮಾಡಿಕೊಂಡು ನಾನೇ ತಂದು ತಲುಪಿಸ್ತೀನಿ." ಇಷ್ಟು ಭಕ್ತಿಯಿಂದ ಕಣ್ಣಿಗೊತ್ತಿಕೊಂಡವರ ಹತ್ತಿರ ರಸೀತಿ ಕೇಳುವವರು ಯಾರು? ಆ ಹದಿನೈದು ದಿನ ನಮ್ಮ ಸೀಮೆಯಲ್ಲಿ ಇನ್ನೂ ಮುಗಿದಿಲ್ಲ.

ಇವರನ್ನು ಊರೂರಿಗೆ ಹೊತ್ತು ತಿರುಗಿದ್ದು ನನ್ನ ಸ್ಕೂಟರು. ನಾನು ಆಗ ಪಾಂಡವಪುರದ ಕಾಲೇಜಿನಲ್ಲಿ ಕನ್ನಡ ಉಪನ್ಯಾಸಕ. ಭಾನುವಾರ ಬಂತೆಂದರೆ ಪೆಟ್ರೋಲು ತುಂಬಿಸಿಕೊಂಡು ಪಟ್ಟಣಕ್ಕೆ ಹೋಗಿ ಅವರ ಬಾಗಿಲಲ್ಲಿ ಹಾರನ್ ಹೊಡೆಯುತ್ತಿದ್ದೆ. ಹಿಂದೆ ಕೂತು ಅವರು ನನ್ನ ಕಿವಿಗೆ ಹೇಳುತ್ತಿದ್ದರು, "ನಿಮ್ಮಂಥ ರಸಿಕರು ತಾಲ್ಲೂಕಿಗೊಬ್ಬರಿದ್ದರೆ ಕನ್ನಡ ಉಳಿದ ಹಾಗೇ." ಆ ಮಾತಿಗೆ ನಾನು ಹೊಂಡ ಗುಂಡಿ ನೋಡದೆ ಗಾಡಿ ಓಡಿಸುತ್ತಿದ್ದೆ.

ಇನ್ನು ನೀರೊಲೆಯ ಕಥೆ, ನನ್ನ ಸ್ಕೂಟರಿಗಿಂತ ಮುಂಚಿನದು. ನಮ್ಮ ಕಡೆ ಸಾಹಿತ್ಯದ ಸಭೆಗೆ ಹೋದವರೆಲ್ಲ ಇದನ್ನು ಒಮ್ಮೆಯಾದರೂ ಕೇಳಿರುತ್ತಾರೆ. ಅಕ್ಕಿಹೆಬ್ಬಾಳಿನ ಒಂದು ಗೌಡರ ಮನೆಯಲ್ಲಿ ಹಳೆಯ ಷಟ್ಪದಿ ಕಾವ್ಯವೊಂದರ ಓಲೆಕಟ್ಟು ಇತ್ತು. ಶ್ರಾವಣದಲ್ಲಿ ಇಳಿಸಿ ಓದಿಸುವುದು, ಉಳಿದ ದಿನ ಕೆಂಪು ಬಟ್ಟೆಯಲ್ಲಿ ಸುತ್ತಿ ಅಟ್ಟದಲ್ಲಿಡುವುದು ಆ ಮನೆಯ ವಾಡಿಕೆ. ಪಂಡಿತರು ಅದನ್ನು ಹುಡುಕಿಕೊಂಡು ಹೇಮಾವತಿ ದಾಟಿ ಹೋಗುವಷ್ಟರಲ್ಲಿ ಆ ಮನೆಯ ಸೊಸೆ ಅದನ್ನು ಸೌದೆಯೆಂದು ತಿಳಿದು ನೀರೊಲೆಗೆ ಹಾಕಿ ಗಂಡನಿಗೆ ಸ್ನಾನಕ್ಕೆ ನೀರು ಕಾಯಿಸಿಬಿಟ್ಟಿದ್ದಳು! "ಒಂದು ಕಾವ್ಯದಿಂದ ಎರಡು ಚೊಂಬು ಬಿಸಿನೀರು!" ಎಂದು ಪಂಡಿತರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದರು. ಸಭೆ ಮೊದಲು ನಗುತ್ತಿತ್ತು, ಆಮೇಲೆ ಮರುಗುತ್ತಿತ್ತು. ಒಂದು ಪತ್ರಿಕೆಯಲ್ಲೂ ಅದನ್ನು ಲೇಖನ ಮಾಡಿ ಬರೆದರು. ಹೆಸರು ಹಾಕಿರಲಿಲ್ಲ, ಊರು ಹಾಕಿದ್ದರು. ಊರು ಹಾಕಿದ ಮೇಲೆ ಹೆಸರು ಯಾತಕ್ಕೆ?

ಆ ಕಥೆಯನ್ನು ನಾನೂ ಹೇಳುತ್ತಿದ್ದೆ. ಪ್ರತಿ ವರ್ಷ ಹೊಸ ತರಗತಿಗೆ ಹಳಗನ್ನಡ ಶುರುಮಾಡುವ ಮೊದಲ ದಿನ, ಸೆರಗು ಸಿಕ್ಕಿಸಿಕೊಂಡು ಒಲೆ ಊದುವ ಹೆಂಗಸಿನ ಅಭಿನಯ ಸಹಿತ. ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದರು, ಎಲ್ಲರಿಗಿಂತ ಹೆಚ್ಚು ನಾನೇ ನಗುತ್ತಿದ್ದೆ. ಒಂದು ವರ್ಷ ಎರಡನೇ ಬೆಂಚಿನ ಒಬ್ಬ ಹುಡುಗಿ ನಗಲಿಲ್ಲ. ಅವಳು ಆ ಸೀಮೆಯವಳೇ ಎಂದು ನನಗೆ ಗೊತ್ತಿತ್ತು. "ಯಾಕಮ್ಮ, ನಿಮ್ಮನೇಲೂ ನೀರು ಕಾಯಿಸಿದ್ರಾ?" ಎಂದೆ. ತರಗತಿ ಮತ್ತೊಮ್ಮೆ ನಕ್ಕಿತು. ಆ ಹುಡುಗಿ ಮರುದಿನದಿಂದ ಹಿಂದಿನ ಬೆಂಚಿಗೆ ಹೋದಳು.

ತೊಂಬತ್ತರ ದಶಕದ ನಡುವೆ ಪಂಡಿತರು ತೀರಿಕೊಂಡರು. ಕೂಡಲೇ ಒಂದು ಸಂಸ್ಮರಣ ಸಮಿತಿಯಾಯಿತು. ಸತ್ತವರಿಗೆ ಹಾಲು ತುಪ್ಪ ಬಿಡುವುದಕ್ಕೂ ಸಮಿತಿ ಮಾಡುವುದಕ್ಕೂ ನಮ್ಮಲ್ಲಿ ಹೆಚ್ಚು ದಿನದ ಅಂತರವಿಲ್ಲ. ಅವರ ಆಯ್ದ ಲೇಖನಗಳು, ಆಯ್ದ ಪತ್ರಗಳು ಸೇರಿ ಒಂದು ದಪ್ಪ ಗ್ರಂಥ ತರುವುದೆಂದಾಯಿತು. ಸಂಪಾದಕ ನಾನು. ಪಂಡಿತರ ಅಳಿಯ ಮೂರು ತಗಡಿನ ಪೆಟ್ಟಿಗೆಗಳನ್ನು ಆಟೋದಲ್ಲಿ ಹಾಕಿಕೊಂಡು ಪಾಂಡವಪುರಕ್ಕೇ ಬಂದರು. ತೆರೆದರೆ ಗುಳಿಗೆಯ ವಾಸನೆ ಮೂಗಿಗೆ ಹೊಡೆಯಿತು.

ಆ ಮಹಾನುಭಾವರು ತಾವು ಬರೆದ ಪ್ರತಿಯೊಂದು ಕಾಗದಕ್ಕೂ ಕೆಳಗೆ ಕಾರ್ಬನ್ ಇಟ್ಟು ನಕಲು ತೆಗೆದಿಟ್ಟುಕೊಂಡಿದ್ದರು. ಹಾಲಿನವನಿಗೆ ಬರೆದ ಚೀಟಿಗೂ ನಕಲು! ಮುಂದೊಂದು ದಿನ ನಾಡು ತಮ್ಮ ಪತ್ರಗಳಿಗಾಗಿ ಹಾತೊರೆಯುತ್ತದೆಂದು ಅವರಿಗೆ ಖಾತ್ರಿಯಿತ್ತು. ಊರಿನ ಹೆಸರು ಬರೆದು ಫೈಲು ಮಾಡಿದ್ದರು. ಕಾಗದ ಎಂಬ ವಸ್ತುವನ್ನು ಎಸೆಯಲಾರದ ಮನುಷ್ಯ. ಕಳ್ಳನೊಬ್ಬ ತಾನು ಕನ್ನ ಹಾಕಿದ ಮನೆಗಳ ಪಟ್ಟಿಯನ್ನು ಮುದ್ದಾದ ಅಕ್ಷರದಲ್ಲಿ ಬರೆದು ಗುಳಿಗೆ ಹಾಕಿ ಕಾಪಾಡಿಟ್ಟುಕೊಂಡಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ನಾಗಮಂಗಲದ ಫೈಲು ಮೊದಲು ತೆಗೆದೆ. ಒಬ್ಬ ಪಟೇಲರಿಗೆ ಬರೆದಿದ್ದರು: "ತಮ್ಮ ಮನೆತನ ವಿದ್ಯೆಗೆ ತವರು. ತಮ್ಮ ದರ್ಶನದಿಂದ ಪುನೀತನಾದೆ." ಅದೇ ದಿನ ಮೈಸೂರಿನ ಸ್ನೇಹಿತರಿಗೆ: "ಇಂದು ಒಂದು ಕೋಣದ ಜೊತೆ ಮೂರು ಗಂಟೆ ಮಾತನಾಡಿ ಬಂದೆ. ಗಂಟು ಸಿಕ್ಕಿತು." ಇನ್ನೊಂದು ಕಡೆ, ಪ್ರಶಸ್ತಿ ಸಮಿತಿಯಲ್ಲಿದ್ದ ಒಬ್ಬರಿಗೆ: "ನನ್ನ ಕುರಿತು ತಾವು ಬರೆಯಬೇಕಾದ ಶಿಫಾರಸಿನ ಕರಡನ್ನು ತಮ್ಮ ಶ್ರಮ ತಪ್ಪಿಸಲೆಂದು ನಾನೇ ಬರೆದು ಇದರೊಡನೆ ಇಟ್ಟಿದ್ದೇನೆ." ಆ ಕರಡೂ ಇತ್ತು. ಅದರಲ್ಲಿ ತಮ್ಮ ಬಗ್ಗೆ ತಾವೇ ಬರೆದುಕೊಂಡ ಒಂದು ಮಾತು, "ಮಿತಭಾಷಿಗಳು, ಪ್ರಚಾರವಿಮುಖರು." ನಾನು ಕುರ್ಚಿಯಲ್ಲಿ ಒಬ್ಬನೇ ಕೂತು ನಕ್ಕೆ.

ನಗು ಹೆಚ್ಚು ಹೊತ್ತು ಉಳಿಯಲಿಲ್ಲ. ಪಾಂಡವಪುರ ಎಂದು ಬರೆದ ತೆಳ್ಳನೆಯ ಫೈಲು ಸಿಕ್ಕಿತು. ಅದರಲ್ಲಿ ನನ್ನ ವಿಷಯವಿತ್ತು: "ಇಲ್ಲಿಯ ಕಾಲೇಜಿನಲ್ಲಿ ಒಬ್ಬ ಉಪನ್ಯಾಸಕನಿದ್ದಾನೆ. ವಿದ್ಯೆ ಅಷ್ಟಕ್ಕಷ್ಟೆ. ಎರಡು ಒಳ್ಳೆಯ ಮಾತಾಡಿದರೆ ಎಷ್ಟು ದೂರ ಬೇಕಾದರೂ ಕರೆದೊಯ್ಯುತ್ತಾನೆ. ಸ್ವಂತ ಸ್ಕೂಟರಿದೆ." ಮನೆಯವಳು ಊಟಕ್ಕೆ ಕರೆದದ್ದು ನನಗೆ ಕೇಳಿಸಲಿಲ್ಲ. ನಿಮ್ಮ ಹತ್ತಿರ ಮುಚ್ಚಿಡುವುದೇನು, ಪಂಡಿತರ ಮೇಲೆ ನನಗೆ ಮೊದಲು ಸಿಟ್ಟು ಬಂದದ್ದು ಊರವರ ಓಲೆಕಟ್ಟುಗಳಿಗಾಗಿ ಅಲ್ಲ. ಆ "ಅಷ್ಟಕ್ಕಷ್ಟೆ" ಎಂಬ ಮಾತಿಗಾಗಿ. ಆ ಸಿಟ್ಟಿನಲ್ಲೇ ಉಳಿದ ಫೈಲುಗಳನ್ನು ಹುಳುಕು ಹುಡುಕುವವನ ಹಾಗೆ ಓದತೊಡಗಿದೆ. ಹಾಗೆ ಓದಿದ್ದರಿಂದಲೇ ಅಕ್ಕಿಹೆಬ್ಬಾಳಿನದು ಕಣ್ಣಿಗೆ ಬಿತ್ತು.

ಮದರಾಸಿನ ಒಬ್ಬ ಸಂಗ್ರಾಹಕರಿಗೆ ಬರೆದ ಪತ್ರ ಅದು. ಪೂರ್ತಿ ಕೊಡುತ್ತೇನೆ. "ಅಕ್ಕಿಹೆಬ್ಬಾಳಿನ ಓಲೆಕಟ್ಟು ತಮ್ಮ ಕೈ ಸೇರಿತೆಂದು ತಿಳಿದು ಸಂತೋಷವಾಯಿತು. ಬದಲಿಗೆ ತಾವು ಕಳಿಸಿದ ಹಳೆಯ ನಿಘಂಟಿನ ಎರಡು ಸಂಪುಟಗಳೂ ಕ್ಷೇಮವಾಗಿ ತಲುಪಿದವು. ಆ ಮನೆಯವರು ಕಟ್ಟನ್ನು ವಾಪಸು ಕೇಳತೊಡಗಿದ್ದಾರೆ. ನಾನು ತಂದೇ ಇಲ್ಲವೆಂದೂ, ಸೊಸೆ ಅದನ್ನು ನೀರೊಲೆಗೆ ಹಾಕಿ ಈಗ ಹೆದರಿ ನನ್ನ ಮೇಲೆ ಹೇಳುತ್ತಿದ್ದಾಳೆಂದೂ ತಿಳಿಸಿದ್ದೇನೆ. ಕೊಡುವಾಗ ಮನೆಯಲ್ಲಿ ಅವಳೊಬ್ಬಳೇ ಇದ್ದದ್ದು ಅನುಕೂಲವಾಯಿತು. ಓದು ಬಾರದವಳು. ಅವಳ ಮಾತನ್ನು ಅವಳ ಗಂಡನೇ ನಂಬುವುದಿಲ್ಲ."

ಅನುಕೂಲವಾಯಿತು! ಈ ಒಂದು ಪದಕ್ಕೆ ನಾನು ಅವರನ್ನು ಇವತ್ತಿಗೂ ಕ್ಷಮಿಸಿಲ್ಲ.

ಮುಂದಿನ ಭಾನುವಾರ ಆ ಹಾಳೆ ಜೇಬಿನಲ್ಲಿಟ್ಟುಕೊಂಡು ಕೆ.ಆರ್. ಪೇಟೆಯ ಮೇಲೆ ಅಕ್ಕಿಹೆಬ್ಬಾಳಿಗೆ ಹೋದೆ. ಸ್ಕೂಟರಿನ ಹಿಂದಿನ ಸೀಟು ಖಾಲಿ. ಆ ಸೊಸೆಯ ಹೆಸರು ಚಿಕ್ಕತಾಯಮ್ಮ. ಆಗ ಅವರಿಗೆ ಐವತ್ತೈದಿರಬಹುದು. ಗಂಡ ತಿಮ್ಮೇಗೌಡರು ಜಗಲಿಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದರು. ನಾನು ಬಂದ ವಿಷಯ ಹೇಳಿ ಪತ್ರವನ್ನು ಓದಿದೆ. ಓದಿ ಮುಗಿದಾಗ ಬಾಗಿಲ ಹತ್ತಿರ ನಿಂತಿದ್ದ ಚಿಕ್ಕತಾಯಮ್ಮನವರು ಅಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟರು.

"ಇಪ್ಪತ್ತೊರ್ಸದಿಂದ ಇದ್ನೇ ಯೋಳ್ತಿವ್ನಿ ಮೇಷ್ಟ್ರೇ," ಎಂದರು. "ಅವ್ರು ಬಂದ್ರು. ನಿಮ್ಮೆಜಮಾನ್ರು ಗದ್ದೇಲಿ ಸಿಕ್ಕಿದ್ರು, ಇಸ್ಕೊಂಡೋಗಿ ಅಂತ ಯೋಳುದ್ರು, ಅಂದ್ರು. ಕೈಕಾಲ್ ತೊಳ್ಕಂಡು ಏಣಿ ಆಕಿ ಇಳ್ಸಿ ಕೊಟ್ಟೆ. ಕಣ್ಗೆ ಒತ್ಕಂಡ್ರು. ಅಂತೋರು ಸುಳ್ಳಾಡ್ತಾರೆ ಅಂತ ನಂಗೇನ್ ಗೊತ್ತು?"

ತಿಮ್ಮೇಗೌಡರು ಕೆಟ್ಟ ಮನುಷ್ಯರಲ್ಲ. ಹೆಂಡತಿಯ ಮೇಲೆ ಕೈಮಾಡಿದವರಲ್ಲ, ಗದರಿದವರೂ ಅಲ್ಲವಂತೆ. ಆದರೆ ಅಂದಿನಿಂದ ಮನೆಯ ಒಂದು ಕಾಗದವನ್ನೂ ಆಕೆಯ ಕೈಗೆ ಕೊಟ್ಟಿರಲಿಲ್ಲ, ರೇಷನ್ ಕಾರ್ಡನ್ನೂ. ಊರು ಅವರನ್ನು ನೀರೊಲೆ ಚಿಕ್ಕತಾಯಿ ಎಂದು ಕರೆಯುತ್ತಿತ್ತು. ಗೌಡರು ಎದ್ದು ಒಳಗೆ ಹೋಗಿ ಪಹಣಿ ಪತ್ರಗಳಿದ್ದ ಪ್ಲಾಸ್ಟಿಕ್ ಕವರು ತಂದರು. ಅದರಲ್ಲಿ ಪಂಡಿತರ ಲೇಖನದ ಪತ್ರಿಕೆಯ ತುಂಡು, ಜೋಪಾನವಾಗಿ.

"ಇದು ಅಚ್ಚಾಗದೆ," ಎಂದರು. "ನೀವ್ ತಂದಿರದು ಕೈಬರ. ಕೈಲಿ ಯಾರ್ ಬೇಕಾದ್ರೂ ಏನ್ ಬೇಕಾದ್ರೂ ಬರೀಬೌದು. ಅಚ್ಚಾಕೋರು ನಾಕ್ ಜನ ನೋಡಿ ಆಕ್ತಾರೆ ಅಲ್ವಾ ಮೇಷ್ಟ್ರೇ?"

ಅಚ್ಚು ಹಾಕುವವರಲ್ಲಿ ನಾನೂ ಒಬ್ಬ. ನಾಲ್ಕು ಜನ ಬೇಡ, ಒಬ್ಬನೂ ನೋಡುವುದಿಲ್ಲವೆಂದು ಆ ಮುಖಕ್ಕೆ ಹೇಳಲಾಗಲಿಲ್ಲ.

"ಇದೂ ಅಚ್ಚಾಗುತ್ತೆ ಗೌಡರೇ. ಗ್ರಂಥ ಬರ್ತಿದೆ. ಅದರಲ್ಲಿ ಈ ಕಾಗದ ಹಾಕ್ತೀನಿ," ಎಂದೆ.

"ಅಚ್ಚಾಗ್ ಬರ್ಲಿ. ಆವಾಗ ನಂಬ್ತೀನಿ. ಎಲ್ರ ಮುಂದೂ ಇವ್ಳ ತಾವ ತಪ್ಪಾಯ್ತು ಅಂತೀನಿ."

ಚಿಕ್ಕತಾಯಮ್ಮನವರು ಗಂಡನ ಮುಖವನ್ನೇ ನೋಡುತ್ತಿದ್ದರು. ಬಿಡುಗಡೆ ಯಾವತ್ತು, ಎಲ್ಲಿ ಎಂದು ಎರಡು ಸಲ ಕೇಳಿ ತಿಳಿದುಕೊಂಡರು. ಹೊರಡುವಾಗ ಒಂದು ಚೀಲ ಅವರೆಕಾಯಿ ಸ್ಕೂಟರಿಗೆ ತೂಗುಹಾಕಿದರು. ನಾಲ್ಕು ದಿನ ನಮ್ಮ ಮನೆಯಲ್ಲಿ ಅದೇ ಸಾರು.

ಆಮೇಲೆ ಅಚ್ಚಿಗೆ ಹೋಗುವ ಮುಂಚೆ ಅಳಿಯ ಬಂದರು. ಆಯ್ದ ಪತ್ರಗಳ ಕಟ್ಟನ್ನು ತಿರುವಿಹಾಕಿ ಒಂದು ಕಡೆ ಬೆರಳಿಟ್ಟರು. "ಎಲ್ಲ ಸೊಗಸಾಗಿದೆ ಮೇಷ್ಟ್ರೇ. ಇದೊಂದು ಬಿಟ್ಟುಬಿಡಿ. ಮಾವನವರು ಎದ್ದು ಬಂದು ಸಮಜಾಯಿಷಿ ಕೊಡೋಕಾಗುತ್ತಾ?"

"ಆ ಹೆಂಗಸು ಬದುಕಿದ್ದಾರಲ್ಲ," ಎಂದೆ. ನನ್ನ ಶೌರ್ಯ ಅಷ್ಟೇ. ಅಲ್ಲಿಗೆ ಮುಗಿಯಿತು.

ಅವರು ಚೀಲದಿಂದ ಮುಖಪುಟದ ಕರಡು ತೆಗೆದು ಮೇಜಿನ ಮೇಲೆ ಹರವಿದರು. ಪಂಡಿತರ ಭಾವಚಿತ್ರ, ಅದರ ಕೆಳಗೆ ಕೆಂಪು ಅಕ್ಷರದಲ್ಲಿ ಸಂಪಾದಕರು ಎಂದು ನನ್ನ ಹೆಸರು, ಪದವಿಗಳ ಸಮೇತ. ಅಷ್ಟು ದೊಡ್ಡ ಅಕ್ಷರದಲ್ಲಿ ನನ್ನ ಹೆಸರನ್ನು ನಾನು ಅದುವರೆಗೆ ಎಲ್ಲೂ ನೋಡಿರಲಿಲ್ಲ. "ಬಣ್ಣ ಒಪ್ಪಿಗೆ ತಾನೆ?" ಎಂದರು. ಒಪ್ಪಿಗೆ ಎಂದೆ. ಎರಡು ಒಳ್ಳೆಯ ಮಾತಾಡಿದರೆ ಎಷ್ಟು ದೂರ ಬೇಕಾದರೂ ಕರೆದೊಯ್ಯುತ್ತಾನೆಂದು ಪಂಡಿತರು ಬರೆದಿದ್ದರಲ್ಲ, ಅವರ ಇಡೀ ಪತ್ರಸಂಗ್ರಹದಲ್ಲಿ ಅಕ್ಷರಶಃ ನಿಜವಾದ ವಾಕ್ಯ ಅದೊಂದೇ ಇರಬೇಕು. ಪೆಟ್ಟಿಗೆಗಳು ವಾಪಸು ಹೋದವು. ಆ ಹಾಳೆಯನ್ನು ಮಾತ್ರ ನಾನು ಮರೆತವನಂತೆ ಇಟ್ಟುಕೊಂಡೆ. ಅದನ್ನೂ ಧೈರ್ಯವೆಂದು ನನಗೆ ನಾನೇ ಹೇಳಿಕೊಂಡಿದ್ದೆ.

ಬಿಡುಗಡೆಯ ದಿನ ಪಟ್ಟಣದ ಕಲ್ಯಾಣಮಂಟಪ ತುಂಬಿತ್ತು. ವೇದಿಕೆಯಿಂದ ನೋಡಿದೆ. ಮೂರನೇ ಸಾಲಿನಲ್ಲಿ ಚಿಕ್ಕತಾಯಮ್ಮನವರು ರೇಷ್ಮೆ ಸೀರೆ ಉಟ್ಟು ಕನಕಾಂಬರ ಮುಡಿದು ಕೂತಿದ್ದರು. ಪಕ್ಕದಲ್ಲಿ ಗಂಜಿ ಹಾಕಿದ ಬಿಳಿ ಅಂಗಿಯಲ್ಲಿ ತಿಮ್ಮೇಗೌಡರು. ಎರಡು ಬಸ್ಸು ಬದಲಿಸಿ ಬಂದಿದ್ದರು. ಬರಬೇಡಿ ಎಂದು ಒಂದು ಕಾರ್ಡು ಬರೆಯಲು ನನಗೆ ಎರಡು ತಿಂಗಳು ಸಮಯವಿತ್ತು, ಬರೆದಿರಲಿಲ್ಲ. ಗೌಡರ ಮಡಿಲಲ್ಲಿ ಗ್ರಂಥವಿತ್ತು. ಓದು ಬಾರದ ಅವರು ಪಕ್ಕದವರಿಗೆ ಅದನ್ನು ಕೊಟ್ಟು ಏನೋ ಕೇಳಿದರು. ಪಕ್ಕದವರು ಹಾಳೆ ತಿರುವಿ ಒಂದು ಕಡೆ ನಿಂತು ಮೆಲ್ಲಗೆ ಓದಿ ಹೇಳತೊಡಗಿದರು. ಅದು ಯಾವ ಪುಟವೆಂದು ನನಗೆ ವೇದಿಕೆಯ ಮೇಲೇ ಹೊಳೆಯಿತು. ಪತ್ರವನ್ನು ತೆಗೆದಿದ್ದೆ, ನೀರೊಲೆಯ ಲೇಖನವನ್ನು ತೆಗೆದಿರಲಿಲ್ಲ. ಲೇಖನಗಳ ಭಾಗದಲ್ಲಿ ಅದು ಠೀವಿಯಿಂದ ಕೂತಿತ್ತು, ಕರಡು ತಿದ್ದಿದವನೂ ನಾನೇ. ಅಷ್ಟರಲ್ಲಿ ನನ್ನ ಹೆಸರು ಕರೆದರು. ಎದ್ದು ಹೋಗಿ ಮೈಕಿನ ಮುಂದೆ ನಿಂತು ಪಂಡಿತರ ಸತ್ಯನಿಷ್ಠೆಯ ಬಗ್ಗೆ ಹತ್ತು ನಿಮಿಷ ಮಾತಾಡಿದೆ. ಚಪ್ಪಾಳೆ ಬಂತು.

ಸಭೆ ಮುಗಿದು ಉಪ್ಪಿಟ್ಟಿನ ಸಾಲಿನಲ್ಲಿ ಅವರಿಬ್ಬರೂ ಎದುರಾದರು. ತಿಮ್ಮೇಗೌಡರು ಹೆಂಡತಿಯ ಕಡೆ ತಿರುಗಿ, ಸಿಟ್ಟಿಲ್ಲದೆ, ಬಹಳ ದಣಿದವರ ದನಿಯಲ್ಲಿ ಹೇಳಿದರು.

"ಮತ್ತೂ ಅಂಗೇ ಅಚ್ಚಾಗದಲ್ಲಮ್ಮಿ. ಇನ್ನಾರ ಒಪ್ಕಬುಡು."

ಚಿಕ್ಕತಾಯಮ್ಮನವರು ನನ್ನನ್ನು ನೋಡಿದರು. ನಾನು ಕೈಯಲ್ಲಿದ್ದ ತಟ್ಟೆಯನ್ನು ನೋಡಿದೆ. "ತಿನ್ನಿ ಮೇಷ್ಟ್ರೇ, ಆರೋಯ್ತದೆ," ಎಂದರು. ಆಮೇಲೆ ಇಬ್ಬರೂ ಮೆಟ್ಟಿಲಿಳಿದು ಬಸ್‌ಸ್ಟ್ಯಾಂಡಿನ ಕಡೆ ಹೋದರು.

ಎರಡು ವರ್ಷಕ್ಕೆ ತಿಮ್ಮೇಗೌಡರು ತೀರಿಕೊಂಡ ಸುದ್ದಿ ಬಂತು. ಕಾಲೇಜಿನಲ್ಲಿ ಪರೀಕ್ಷೆಯಿದೆಯೆಂದು ಹೇಳಿಕೊಂಡು ಹೋಗಲಿಲ್ಲ. ಪರೀಕ್ಷೆ ಇದ್ದದ್ದು ಮಧ್ಯಾಹ್ನ. ಅದಾದ ಮೇಲೂ ನಾನು ಸನ್ಮಾನ ಮಾಡಿಸಿಕೊಂಡೆ, ಶಾಲು ಹೊದ್ದೆ, ಒಂದೆರಡು ಕಡೆ ಸಂಶೋಧನೆಯ ಪ್ರಾಮಾಣಿಕತೆಯ ಬಗ್ಗೆ ಉಪನ್ಯಾಸವನ್ನೂ ಕೊಟ್ಟೆ. ನೀರೊಲೆಯ ಕಥೆಯನ್ನು ಮಾತ್ರ ತರಗತಿಯಲ್ಲಿ ಹೇಳುವುದನ್ನು ಬಿಟ್ಟೆ. ಬಿಟ್ಟೆ ಅಷ್ಟೆ, ಸುಳ್ಳೆಂದು ಯಾರಿಗೂ ಹೇಳಲಿಲ್ಲ.

ಈ ಸಲ ಆ ಹಾಳೆ ಸಿಕ್ಕಿದ ಮೇಲೆ ಸುಮ್ಮನಿರಲಾಗಲಿಲ್ಲ. ವಯಸ್ಸಾದ ಮೇಲೆ ಹೆಸರಿನ ಆಸೆ ಕಡಿಮೆಯಾಗುತ್ತದೆ ಎನ್ನುತ್ತಾರೆ, ನನಗೆ ಆಗಿಲ್ಲ. ಹೆದರಿಕೆ ಮಾತ್ರ ಸ್ವಲ್ಪ ಕಡಿಮೆಯಾಗಿದೆ. ಪಂಡಿತರ ಮೇಲೆ ಖಾರವಾಗಿ ಒಂದು ಪ್ರಬಂಧ ಬರೆದೆ. ಚೆನ್ನಾಗಿ ಬಂದಿದೆ ಅನ್ನಿಸಿತು. ಹೋದ ವಾರ ಅದನ್ನು ಹಿಡಿದು ಬಸ್ಸಿನಲ್ಲಿ ಅಕ್ಕಿಹೆಬ್ಬಾಳಿಗೆ ಹೋದೆ. ಚಿಕ್ಕತಾಯಮ್ಮನವರು ಎಂಬತ್ತು ದಾಟಿದ್ದಾರೆ, ಕಣ್ಣು ಮಂಜು, ಕಿವಿ ಚುರುಕು. ನನ್ನ ದನಿಯಿಂದಲೇ ಗುರುತು ಹಿಡಿದು ಮಗನ ಹೆಂಡತಿಗೆ ಕಾಫಿ ತರಲು ಹೇಳಿದರು. ನಾನು ಓದಲು ಶುರುಮಾಡಿದರೆ, "ಇನ್ನೂ ಜೋರಾಗಿ ಓದಿ, ಆಚೆಮನೆಯೋರ್ಗೂ ಕೇಳ್ಲಿ," ಎಂದರು. ಗಂಟಲು ಬಿಟ್ಟು ಓದಿದೆ. ಆಚೆಮನೆಯವರು ನಿಜಕ್ಕೂ ಹೊರಗೆ ಬಂದು ನಿಂತರು.

ಮುಗಿದ ಮೇಲೆ ಅವರು ಕೇಳಿದರು, "ಪಂಡಿತ್ರು ಮಾಡಿದ್ದೆಲ್ಲ ಸರ್ಯಾಗ್ ಬರ್ದಿದ್ದೀರಿ. ನೀವ್ ಮಾಡಿದ್ದು ಎಲ್ಲವದೆ?"

ನಾನು ಹಾಳೆಗಳನ್ನು ಮಡಿಸತೊಡಗಿದೆ.

"ನಿಮ್ ಕಾಲೇಜ್ನಲ್ಲಿ ನಮ್ ನಾದಿನಿ ಮಗ್ಳು ಓದ್ತಿದ್ಲು. ನೀವು ಒಲೆ ಊದಿ ತೋರುಸ್ತಿದ್ದುದ್ನ ಬಂದು ಯೋಳಿದ್ಲು. ಅಳ್ತಿದ್ಲು. ಅದೆಲ್ಲಿ? ಅವತ್ತು ಮೈಕ್ ಮುಂದೆ ನಿಂತ್ಕಂಡ್ರಲ್ಲ, ಅದೆಲ್ಲಿ? ಅದ್ನೂ ಬರ್ಕಳಿ. ಇಲ್ದಿದ್ರೆ ಇದೂ ಅರ್ಧ ಸುಳ್ಳೇಯ." ಕಾಫಿ ಲೋಟ ನನ್ನ ಕಡೆ ಸರಿಸಿದರು. "ಬ್ಯಾಗ ಬರೀರಿ. ಪಿತ್ರಪಕ್ಸಕ್ಕೆ ನಮ್ಮೆಜಮಾನ್ರಿಗೆ ಎಡೆ ಇಕ್ತೀವಿ. ಅಷ್ಟೊತ್ಗೆ ಅಚ್ಚಾಗಿ ಬಂದ್ರೆ ಎಡೆ ಮುಂದೆ ಇದ್ನ ಓದುಸ್ಬೇಕು. ಕೈಬರ ತರ್ಬೇಡಿ ಮತ್ತೆ. ಅವ್ರು ನಂಬಾಕಿಲ್ಲ."

ಮನೆಗೆ ಬಂದು ಹಳೆಯದನ್ನು ಹರಿದು ಮೊದಲಿನಿಂದ ಬರೆದೆ. ಇದರಲ್ಲಿ ಸ್ಕೂಟರು, ಎರಡನೇ ಬೆಂಚು, ಕೆಂಪು ಅಕ್ಷರ, ಉಪ್ಪಿಟ್ಟಿನ ತಟ್ಟೆ ಎಲ್ಲ ಆಮೇಲೆ ಸೇರಿದವು. ಓದಿ ನಿಮಗೆ ನನ್ನ ಮೇಲೆ ಅಸಹ್ಯ ಹುಟ್ಟಿದ್ದರೆ ಹುಟ್ಟಲಿ, ನಾನು ಇದನ್ನು ನಿಮಗೊಬ್ಬರಿಗೇ ಬರೆದಿಲ್ಲ.

ತಿಮ್ಮೇಗೌಡರೇ, ಓಲೆಕಟ್ಟನ್ನು ಚಿಕ್ಕತಾಯಮ್ಮನವರು ಸುಡಲಿಲ್ಲ. ಪಂಡಿತರು ಕೇಳಿದರು, ಇವರು ಕೈಕಾಲು ತೊಳೆದುಕೊಂಡು ಇಳಿಸಿ ಕೊಟ್ಟರು. ಇವರು ಅಂದಿನಿಂದ ಹೇಳಿದ್ದೆಲ್ಲ ನಿಜ. ನೋಡಿ, ಅಚ್ಚಾಗಿದೆ.